ದಿನವೂ ಒಂದೇ ಮೊತ್ತ: ಮಂಗಳೂರಿನ ಒಂದು ಸಿಟಿ ಬಸ್ಸಿನ ಟಿಕೆಟ್ ಯಂತ್ರದ ಪ್ರಕರಣ ಅಧ್ಯಯನ

ಸ್ಟೇಟ್ ಬ್ಯಾಂಕ್ ನಿಲ್ದಾಣದಿಂದ ಜ್ಯೋತಿ, ಕಂಕನಾಡಿ, ಪಂಪ್‌ವೆಲ್, ತೊಕ್ಕೊಟ್ಟು, ದೇರಳಕಟ್ಟೆ ದಾರಿಯಾಗಿ ಕೊಣಾಜೆಗೆ ಹೋಗಿಬರುವ ಒಂದು ಖಾಸಗಿ ಸಿಟಿ ಬಸ್ಸಿಗೆ ಎಲೆಕ್ಟ್ರಾನಿಕ್ ಟಿಕೆಟ್ ಯಂತ್ರ ಬಂದ ಮೇಲೆ, ಆ ದಿನದ ಒಟ್ಟು ಕಲೆಕ್ಷನ್ ಎಷ್ಟೆಂಬುದು ಪ್ರತಿ ರಾತ್ರಿ ಮಾಲಕರ ಮೊಬೈಲಿಗೆ ಬರತೊಡಗಿತು. ಮೊದಲ ಕೆಲವು ವಾರ ಮಾಲಕರಿಗೆ ಸಮಾಧಾನವಿತ್ತು. ಬಳಿಕ ಅವರ ಗಮನಕ್ಕೆ ಬಂದ ಸಂಗತಿಯೇ ಈ ಪ್ರಕರಣದ ತಿರುಳು: ಸೋಮವಾರವಾದರೂ, ಕಾಲೇಜುಗಳಿಗೆ ರಜೆಯಿದ್ದ ದಿನವಾದರೂ, ಜೋರು ಮಳೆಯ ದಿನವಾದರೂ ಯಂತ್ರ ತೋರಿಸುವ ಮೊತ್ತ ಹೆಚ್ಚುಕಡಿಮೆ ಒಂದೇ ಆಗಿರುತ್ತಿತ್ತು. ಬಸ್ಸಿನಲ್ಲಿ ಜನ ಹತ್ತಿಳಿಯುವುದು ಹಾಗೆ ಒಂದೇ ಸಮನಾಗಿರುವುದು ಸಾಧ್ಯವಿಲ್ಲ.

ಬಸ್ಸು ಯಾವುದು, ಮಾಲಕರು ಯಾರು ಎಂಬುದು ಇಲ್ಲಿ ಮುಖ್ಯವಲ್ಲ. ಕರಾವಳಿಯ ಸಣ್ಣ ಮಾಲಕರ ಬಸ್ಸುಗಳಲ್ಲಿ ಕಂಡುಬರುವ ಪರಿಸ್ಥಿತಿಯನ್ನು ಒಂದೇ ಬಸ್ಸಿನ ಮೇಲಿಟ್ಟು ಬರೆದ ಮಾದರಿ ಪ್ರಕರಣವಿದು. ರೂಪಾಯಿ ಮತ್ತು ಸೆಕೆಂಡುಗಳ ಲೆಕ್ಕ ಬಂದಲ್ಲೆಲ್ಲ ಅದನ್ನು ಉದಾಹರಣೆಯೆಂದೇ ತಿಳಿಯಬೇಕು. ಕಾನೂನು, ಪಾವತಿ ನಿಯಮ, ದಾರಿ, ಊರು ಇವು ಮಾತ್ರ ಇರುವಂತೆಯೇ ಇವೆ.

ವ್ಯವಸ್ಥೆಯ ಹಿನ್ನೆಲೆ

ಬೆಂಗಳೂರಿನಲ್ಲಿ ನಗರದ ಬಸ್ ಸಾರಿಗೆಯೆಂದರೆ ಬಿಎಂಟಿಸಿ ಎಂಬ ಒಂದೇ ಸಂಸ್ಥೆ. ಮಂಗಳೂರು, ಉಡುಪಿಗಳಲ್ಲಿ ಹಾಗಲ್ಲ. ಇಲ್ಲಿ ನಗರದೊಳಗಿನ ಓಡಾಟವನ್ನು ಬಹುಪಾಲು ಹೊತ್ತಿರುವುದು ಖಾಸಗಿಯವರು. ಒಂದು ಬಸ್ಸಿನ ಮಾಲಕರೂ ಇದ್ದಾರೆ, ಹತ್ತಾರು ಬಸ್ಸುಗಳ ಮಾಲಕರೂ ಇದ್ದಾರೆ. ಒಂದೇ ದಾರಿಯಲ್ಲಿ ಕೆಲವೇ ನಿಮಿಷಗಳ ಅಂತರದಲ್ಲಿ ಬೇರೆ ಬೇರೆ ಮಾಲಕರ ಬಸ್ಸುಗಳು ಓಡುತ್ತವೆ. ಪರವಾನಗಿಯನ್ನೂ ಸಮಯಪಟ್ಟಿಯನ್ನೂ ಕೊಡುವುದು ಜಿಲ್ಲಾಧಿಕಾರಿಯವರ ಅಧ್ಯಕ್ಷತೆಯ ಪ್ರಾದೇಶಿಕ ಸಾರಿಗೆ ಪ್ರಾಧಿಕಾರ. ಇವುಗಳ ನಡುವೆ ಕೆಎಸ್‌ಆರ್‌ಟಿಸಿಯ ನಗರ ಬಸ್ಸುಗಳೂ ಇವೆ. ಜೆಎನ್‌ನರ್ಮ್ ಎಂಬ ಕೇಂದ್ರದ ನಗರಾಭಿವೃದ್ಧಿ ಯೋಜನೆಯಡಿ ಬಂದ ಕಾರಣ ಜನರ ಬಾಯಲ್ಲಿ ಅವು ಇಂದಿಗೂ ‘ನರ್ಮ್ ಬಸ್’ಗಳೇ. ಕೊಣಾಜೆಗೆ ಹೋಗಬೇಕಾದ ವಿದ್ಯಾರ್ಥಿಯಾಗಲಿ, ದೇರಳಕಟ್ಟೆಯ ಆಸ್ಪತ್ರೆಗೆ ಹೊರಟ ರೋಗಿಯಾಗಲಿ ಇಂಥದ್ದೇ ಬಸ್ಸು ಬೇಕೆಂದು ಕಾಯುವುದಿಲ್ಲ, ಮೊದಲು ಬಂದದ್ದಕ್ಕೆ ಹತ್ತುತ್ತಾರೆ. ಮುಂದಿನ ಬಹಳಷ್ಟು ತೊಡಕುಗಳು ಹುಟ್ಟುವುದು ಇಲ್ಲಿಂದಲೇ.

ಟಿಕೆಟ್ ಕೊಡಬೇಕೆಂಬುದು ಹೊಸ ನಿಯಮವೇನೂ ಅಲ್ಲ. 1988ರ ಮೋಟಾರು ವಾಹನ ಕಾಯ್ದೆಯ 72ನೆಯ ಸೆಕ್ಷನ್ ಪ್ರಕಾರ, ಪಡೆದ ದರವನ್ನು ತೋರಿಸುವ ಟಿಕೆಟನ್ನು ಪ್ರಯಾಣಿಕರಿಗೆ ಕೊಡಬೇಕು, ಕೊಟ್ಟ ಟಿಕೆಟುಗಳ ದಾಖಲೆ ಇಡಬೇಕು ಎಂಬ ಷರತ್ತನ್ನು ಪ್ರಾಧಿಕಾರ ಪರವಾನಗಿಗೆ ಸೇರಿಸಬಹುದು. ಅದೇ ಕಾಯ್ದೆಯ 178ನೆಯ ಸೆಕ್ಷನ್ ಟಿಕೆಟ್ ಇಲ್ಲದೆ ಪ್ರಯಾಣಿಸುವವರಿಗೂ ಹಣ ಪಡೆದು ಟಿಕೆಟ್ ಕೊಡದ ನಿರ್ವಾಹಕರಿಗೂ 500 ರೂಪಾಯಿವರೆಗೆ ದಂಡ ಹೇಳುತ್ತದೆ. ಹೀಗಿದ್ದರೂ ಮಂಗಳೂರಿನ ಸಿಟಿ ಬಸ್ಸಿನಲ್ಲಿ ಕೈಗೆ ದುಡ್ಡು ಕೊಟ್ಟು ಬರಿಗೈಯಲ್ಲಿ ಇಳಿಯುವುದು ದೀರ್ಘಕಾಲದ ರೂಢಿ. ಪೊಲೀಸ್ ಕಮಿಷನರ್ ಅವರ ಫೋನ್ ಇನ್ ಕಾರ್ಯಕ್ರಮಗಳಲ್ಲಿ ಟಿಕೆಟ್ ಕೊಡುವುದಿಲ್ಲವೆಂಬ ದೂರು ಮತ್ತೆ ಮತ್ತೆ ಕೇಳಿಬಂದದ್ದಿದೆ. ಪ್ರಯಾಣಿಕರಿಗೂ ಆ ಚೀಟಿಯ ಬೆಲೆ ತಿಳಿಯುವುದು ಅಪರೂಪಕ್ಕೆ, ಬ್ಯಾಗು ಬಸ್ಸಿನಲ್ಲೇ ಉಳಿದಾಗ, ಹೆಚ್ಚು ದರ ಪಡೆದರೆಂದು ದೂರು ಕೊಡಬೇಕಾದಾಗ, ಅಥವಾ ಅಪಘಾತವಾಗಿ ತಾವು ಆ ಬಸ್ಸಿನಲ್ಲಿದ್ದೆವೆಂದು ಪರಿಹಾರ ನ್ಯಾಯಮಂಡಳಿಯ ಮುಂದೆ ತೋರಿಸಬೇಕಾದಾಗ.

ಟಿಕೆಟ್ ಇಲ್ಲದ ಕಾಲದಲ್ಲಿ ಮಾಲಕರಿಗೂ ಸಿಬ್ಬಂದಿಗೂ ಲೆಕ್ಕ ಹೇಗೆ ತೀರುತ್ತಿತ್ತೆಂಬುದನ್ನು ಅರಿಯದೆ ಯಂತ್ರದ ಕಥೆ ಅರ್ಥವಾಗದು. ಬೆಳಗ್ಗೆ ಬಸ್ಸು ಹೊರಟ ಮೇಲೆ ಡೀಸೆಲ್, ಚಾಲಕ ನಿರ್ವಾಹಕರ ಊಟ ತಿಂಡಿ, ನಿಲ್ದಾಣದಲ್ಲಿ ಬಸ್ಸುಗಳ ಸಮಯ ನೋಡಿಕೊಳ್ಳುವ ಟೈಮ್ ಕೀಪರಿಗೆ ಕೊಡುವ ಹಣ, ಸಂಜೆ ಇಬ್ಬರ ಸಂಬಳ ಮತ್ತು ಬತ್ತೆ ಎಲ್ಲವೂ ನಿರ್ವಾಹಕನ ಚೀಲದಿಂದಲೇ ಹೋಗುತ್ತಿದ್ದವು. ಉಳಿದದ್ದು ಮಾಲಕರಿಗೆ. ಎಷ್ಟು ಉಳಿಯಬೇಕೆಂಬುದಕ್ಕೆ ಕಾಗದದ ಮೇಲೆ ಒಪ್ಪಂದವಿರಲಿಲ್ಲ, ಆದರೆ ಇಬ್ಬರ ತಲೆಯಲ್ಲೂ ಒಂದು ಅಂಕಿಯಿತ್ತು. ಅದಕ್ಕಿಂತ ಕಡಿಮೆಯಾದರೆ ಮಾಲಕರು ಕೇಳುತ್ತಿದ್ದರು. ಅಷ್ಟು ಬಂದರೆ ಕೇಳುತ್ತಿರಲಿಲ್ಲ. ಹೆಚ್ಚು ಬಂದಿತ್ತೇ ಎಂಬ ಪ್ರಶ್ನೆಯೇ ಏಳುತ್ತಿರಲಿಲ್ಲ. ಇದನ್ನು ಕಳ್ಳತನವೆಂದು ಕರೆಯುವುದು ಸುಲಭ, ಆದರೆ ಸರಿಯಲ್ಲ. ಕಡಿಮೆ ಸಂಬಳ ಕೊಟ್ಟು, ಮಿಕ್ಕಿದ್ದನ್ನು ಬಸ್ಸಿನಲ್ಲೇ ಹೊಂದಿಸಿಕೊಳ್ಳಲಿ ಎಂದು ಮಾಲಕರು ಸುಮ್ಮನಿದ್ದುದೂ ಆ ಒಪ್ಪಂದದ ಭಾಗವೇ ಆಗಿತ್ತು.

ಯಂತ್ರ ಬಂದ ಮೇಲೆ

ಕೈಯಲ್ಲಿ ಹಿಡಿಯುವ ಟಿಕೆಟ್ ಯಂತ್ರದೊಳಗೆ ಮೂರು ಸಂಗತಿಗಳಿರುತ್ತವೆ: ದಾರಿಯ ಸ್ಟೇಜುಗಳ (ದರದ ಲೆಕ್ಕಕ್ಕೆ ಗುರುತಿಸಿದ ನಿಲ್ದಾಣಗಳ) ಪಟ್ಟಿ, ಪ್ರತಿ ಎರಡು ಸ್ಟೇಜುಗಳ ನಡುವಿನ ದರ, ಮತ್ತು ಕೊಟ್ಟ ಪ್ರತಿ ಟಿಕೆಟಿನ ದಾಖಲೆ. ಹನ್ನೆರಡು ಸ್ಟೇಜುಗಳ ದಾರಿಯೆಂದರೆ 66 ಜೋಡಿಗಳ ದರಪಟ್ಟಿ. ನಿರ್ವಾಹಕ ಹತ್ತಿದ ಸ್ಟೇಜು, ಇಳಿಯುವ ಸ್ಟೇಜು, ಜನರ ಸಂಖ್ಯೆ ಒತ್ತಿದರೆ ಥರ್ಮಲ್ ಕಾಗದದ ಮೇಲೆ ಟಿಕೆಟ್ ಬರುತ್ತದೆ. ಅದೇ ಕ್ಷಣ ಸಮಯ, ಸ್ಟೇಜು, ಮೊತ್ತ ದಾಖಲಾಗುತ್ತವೆ. ಸಿಮ್ ಇರುವ ಯಂತ್ರವಾದರೆ ದಾಖಲೆ ಆಗಲೇ ಸರ್ವರಿಗೆ ಹೋಗುತ್ತದೆ, ಇಲ್ಲವಾದರೆ ರಾತ್ರಿ ಇಳಿಸಿಕೊಳ್ಳಬೇಕು. ಬಸ್ಸು ಮುಂದಿನ ಸ್ಟೇಜಿಗೆ ಬಂತೆಂಬುದನ್ನು ಕೆಲವು ಯಂತ್ರಗಳು ಜಿಪಿಎಸ್‌ನಿಂದ ತಿಳಿಯುತ್ತವೆ. ನಮ್ಮ ಬಸ್ಸಿನದ್ದು ನಿರ್ವಾಹಕನೇ ಗುಂಡಿ ಒತ್ತಿ ಮುಂದೂಡಬೇಕಾದ ಯಂತ್ರ.

ಯಂತ್ರ ಬರುವುದೇ ತಡ, ಟಿಕೆಟ್ ಇಲ್ಲದ ಪ್ರಯಾಣ ನಿಲ್ಲುತ್ತದೆಂದು ಮಾಲಕರು ನಂಬಿದ್ದರು. ದಿನದ ಮೊತ್ತ ಒಂದೇ ಸಮನಾಗಿ ಬಂದದ್ದನ್ನು ಕಂಡು ಅವರಿಗೆ ಮೊದಲು ಬಂದ ಅನುಮಾನವೂ ಸಹಜವೇ: ಕಂಡಕ್ಟರ್ ಗುಂಡಿ ಒತ್ತುತ್ತಿಲ್ಲ. ಆದರೆ ಒಟ್ಟು ಮೊತ್ತವನ್ನು ಬಿಟ್ಟು ಟಿಕೆಟುಗಳ ಸಾಲನ್ನೇ ಸಮಯದ ಕ್ರಮದಲ್ಲಿ ಓದಿದಾಗ, ಒತ್ತದ ಗುಂಡಿಗಳು ಎಲ್ಲ ಕಡೆಯೂ ಒಂದೇ ಬಗೆಯವಲ್ಲ ಎಂಬುದು ತಿಳಿಯಿತು. ಅಲ್ಲಿ ಮೂರು ಬೇರೆ ಬೇರೆ ಕಾರಣಗಳು ಒಂದರ ಮೇಲೊಂದು ಕುಳಿತಿದ್ದವು.

ಮೊದಲನೆಯದು ಸಮಯ. ಸ್ಟೇಟ್ ಬ್ಯಾಂಕಿನಿಂದ ಹೊರಟ ಟ್ರಿಪ್ಪಿನಲ್ಲಿ ಕಂಕನಾಡಿಯವರೆಗೆ ಟಿಕೆಟುಗಳು ವಿರಳ; ಪಂಪ್‌ವೆಲ್ ದಾಟಿ ಹೆದ್ದಾರಿಗೆ ಬಿದ್ದ ಮೇಲೆ ನೇತ್ರಾವತಿ ಸೇತುವೆಯ ಆಸುಪಾಸಿನ ಕೆಲವು ನಿಮಿಷಗಳಲ್ಲಿ ಒಂದರ ಹಿಂದೊಂದರಂತೆ ಟಿಕೆಟುಗಳ ಸುರಿಮಳೆ. ಕಾರಣ ಸರಳ. ನಗರದೊಳಗೆ ನಿಲ್ದಾಣಗಳು ಹತ್ತಿರ ಹತ್ತಿರ. ಅಲ್ಲಿ ನಿರ್ವಾಹಕ ಬಾಗಿಲಲ್ಲಿ ನಿಂತು ‘ದುಂಬು ಪೋಲೆ’ ಎಂದು ಜನರನ್ನು ಮುಂದೆ ಕಳಿಸಬೇಕು, ಹತ್ತಿದವರನ್ನು ನೋಡಿಕೊಳ್ಳಬೇಕು, ‘ರೈಟ್ ಪೋಯಿ’ ಎಂದು ಚಾಲಕನಿಗೆ ಹೊರಡಲು ಹೇಳಬೇಕು. ಟಿಕೆಟ್ ಒಂದಕ್ಕೆ ದುಡ್ಡು ಪಡೆದು, ಚಿಲ್ಲರೆ ಕೊಟ್ಟು, ಯಂತ್ರ ಒತ್ತುವುದಕ್ಕೆ ಎಂಟು ಸೆಕೆಂಡ್ ಎಂದಿಟ್ಟುಕೊಂಡರೂ 40 ಜನರಿಗೆ 320 ಸೆಕೆಂಡ್, ಅಂದರೆ ಐದು ನಿಮಿಷಕ್ಕೂ ಹೆಚ್ಚು ಬಿಡುವಿಲ್ಲದ ಕೆಲಸ. ತುಂಬಿದ ಬಸ್ಸಿನಲ್ಲಿ ಹಿಂದಿನಿಂದ ಮುಂದಕ್ಕೆ ತೂರಿ ಹೋಗುವ ಹೊತ್ತು ಇದರಲ್ಲಿ ಸೇರಿಲ್ಲ. ಬಸ್ಸು ನಿಲ್ಲದೆ ಓಡುವ ಉದ್ದನೆಯ ತುಂಡು ಸಿಗುವುದು ಸೇತುವೆಯ ಕಡೆಗೆ ಮಾತ್ರ; ಆದುದರಿಂದ ಟಿಕೆಟುಗಳೂ ಅಲ್ಲಿಯೇ ಹುಟ್ಟುತ್ತಿದ್ದವು. ಸ್ಟೇಟ್ ಬ್ಯಾಂಕಿನಲ್ಲಿ ಹತ್ತಿ ಜ್ಯೋತಿಯಲ್ಲೋ ಕಂಕನಾಡಿಯಲ್ಲೋ ಇಳಿದವರು ಆ ಹೊತ್ತಿಗೆ ಬಸ್ಸಿನಲ್ಲೇ ಇರುವುದಿಲ್ಲ. ಅವರು ಇಳಿಯುವಾಗ ಕೈಗಿಟ್ಟ ಕನಿಷ್ಠ ದರ ಚೀಲಕ್ಕೆ ಹೋಗುತ್ತದೆ, ಯಂತ್ರಕ್ಕೆ ಹೋಗುವುದಿಲ್ಲ.

ಇದಕ್ಕೊಂದು ಅಡ್ಡಪರಿಣಾಮವೂ ಇತ್ತು. ಸ್ಟೇಜನ್ನು ಕೈಯಿಂದ ಮುಂದೂಡಬೇಕಾದ ಯಂತ್ರದಲ್ಲಿ ಸೇತುವೆಯ ಹತ್ತಿರ ಕೊಟ್ಟ ಟಿಕೆಟುಗಳೆಲ್ಲ ಸ್ಟೇಟ್ ಬ್ಯಾಂಕಿನಲ್ಲೇ ಹತ್ತಿದವರ ಟಿಕೆಟುಗಳಾಗಿಯೋ, ಪಂಪ್‌ವೆಲ್‌ನಲ್ಲೇ ಹತ್ತಿದವರ ಟಿಕೆಟುಗಳಾಗಿಯೋ ದಾಖಲಾಗುತ್ತಿದ್ದವು. ಯಾವ ನಿಲ್ದಾಣದಲ್ಲಿ ಎಷ್ಟು ಜನ ಹತ್ತುತ್ತಾರೆಂದು ಟಿಕೆಟ್ ದಾಖಲೆಯಿಂದ ತಿಳಿದು ಹೊಸ ಬಸ್ಸುಗಳನ್ನು ಯೋಜಿಸಬಹುದೆಂದು ಉತ್ಸಾಹದಿಂದ ಹೇಳುವವರು ಈ ಒಂದು ದಾರಿಯ ದಾಖಲೆಯನ್ನು ನೋಡಿದರೆ ಸ್ವಲ್ಪ ಎಚ್ಚರಗೊಂಡಾರು. ಅದರ ಪ್ರಕಾರ ಕಂಕನಾಡಿಯಂಥ ಜನನಿಬಿಡ ನಿಲ್ದಾಣದಲ್ಲಿ ಬಸ್ಸು ಹತ್ತುವವರು ಬಹಳ ಕಡಿಮೆ.

ಎರಡನೆಯದು ರಿಯಾಯಿತಿ. ಈ ದಾರಿಯಲ್ಲಿ ವಿದ್ಯಾರ್ಥಿಗಳು ಬಹಳ. ಕೊಣಾಜೆಯ ಮಂಗಳಗಂಗೋತ್ರಿಯಲ್ಲಿ ವಿಶ್ವವಿದ್ಯಾನಿಲಯವಿದೆ, ದೇರಳಕಟ್ಟೆಯ ಸುತ್ತ ವೈದ್ಯಕೀಯ ಕಾಲೇಜುಗಳಿವೆ. ಖಾಸಗಿ ಬಸ್ಸುಗಳವರು ವಿದ್ಯಾರ್ಥಿಗಳಿಗೆ ದರ ಕಡಿಮೆ ಮಾಡುವ ಪದ್ಧತಿ ಇಲ್ಲಿ ಹಳೆಯದು. ಆದರೆ ಯಂತ್ರಕ್ಕೆ ತುಂಬಿಸಿದ ದರಪಟ್ಟಿಯಲ್ಲಿ ವಿದ್ಯಾರ್ಥಿ ದರದ ಗುಂಡಿಯೇ ಇರಲಿಲ್ಲ. ಪೂರ್ತಿ ದರದ ಟಿಕೆಟ್ ಒತ್ತಿದರೆ ಕಡಿಮೆ ಬಿದ್ದ ಹಣವನ್ನು ನಿರ್ವಾಹಕ ತನ್ನ ಕೈಯಿಂದ ತುಂಬಬೇಕು. ಹಾಗಾಗಿ ವಿದ್ಯಾರ್ಥಿಗಳಿಗೆ ಅವನು ಟಿಕೆಟನ್ನೇ ಕೊಡುತ್ತಿರಲಿಲ್ಲ, ಕೊಡುವಂತೆಯೂ ಇರಲಿಲ್ಲ. ಯಂತ್ರವನ್ನು ಪೂರೈಸಿದವರು ದರಪಟ್ಟಿ ಕೇಳಿದಾಗ ಅನುಮೋದಿತ ಪಟ್ಟಿಯ ಪ್ರತಿಯನ್ನು ಕಳಿಸಿ ಕೈತೊಳೆದುಕೊಂಡದ್ದು ಮಾಲಕರ ಕಡೆಯ ಲೋಪ. ಇಂಥದ್ದನ್ನು ಸರಿಪಡಿಸುವುದಕ್ಕೆ ಅರ್ಧ ಗಂಟೆ ಸಾಕು. ಪತ್ತೆಹಚ್ಚುವುದಕ್ಕೆ ಬಸ್ಸಿನ ಹಿಂದಿನ ಸೀಟಿನಲ್ಲಿ ಕುಳಿತು ನೋಡುವವರೊಬ್ಬರು ಬೇಕು.

ಮೂರನೆಯದೇ ಮೊದಲು ಹೇಳಿದ ಸಮನಾದ ಮೊತ್ತಕ್ಕೆ ಉತ್ತರ. ಸಂಜೆ ಐದರಿಂದ ಏಳರವರೆಗೆ ಸ್ಟೇಟ್ ಬ್ಯಾಂಕಿನಿಂದ ಹೊರಡುವ ಯಾವ ಬಸ್ಸಿನಲ್ಲೂ ಕಾಲಿಡಲು ಜಾಗವಿರುವುದಿಲ್ಲ. ಆದರೆ ದಾಖಲೆಯಲ್ಲಿ ಆ ಟ್ರಿಪ್ಪುಗಳೇ ಅತಿ ಬಡವು. ಅದೂ ಎಲ್ಲ ದಿನವೂ ಅಲ್ಲ. ಬೆಳಗ್ಗೆ ಜನ ಹೆಚ್ಚಿದ್ದ ದಿನ ಸಂಜೆಯ ಟಿಕೆಟ್ ಕಡಿಮೆ. ಬೆಳಗ್ಗೆ ಮಳೆಯಿಂದಲೋ ರಜೆಯಿಂದಲೋ ಕಲೆಕ್ಷನ್ ಬಿದ್ದ ದಿನ ಸಂಜೆಯ ಟಿಕೆಟ್ ಜಾಸ್ತಿ, ಸಣ್ಣ ಮೊತ್ತದವೂ ಸೇರಿ. ಅಂದರೆ ನಿರ್ವಾಹಕ ಒಂದು ಅಂಕಿಯತ್ತ ಟಿಕೆಟ್ ಕೊಡುತ್ತಿದ್ದ. ಅದು ತುಂಬಿದೊಡನೆ ಯಂತ್ರ ವಿಶ್ರಾಂತಿಗೆ ಹೋಗುತ್ತಿತ್ತು. ಆ ಅಂಕಿ ಯಾವುದೆಂದು ಮಾಲಕರಿಗೆ ಹೇಳಿಕೊಡಬೇಕಾಗಿರಲಿಲ್ಲ. ಯಂತ್ರ ಬರುವುದಕ್ಕೆ ಮುಂಚೆ ಅವರು ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಅಂಕಿಯೇ ಅದು.

ನನ್ನ ಅಭಿಪ್ರಾಯದಲ್ಲಿ ಈ ಪ್ರಕರಣದಲ್ಲಿ ಕಲಿಯಬೇಕಾದದ್ದು ಇಲ್ಲಿಯೇ ಇದೆ. ಯಂತ್ರ ಬಸ್ಸಿನ ಕಲೆಕ್ಷನನ್ನು ಅಳೆಯುತ್ತಿರಲಿಲ್ಲ, ಮಾಲಕರಿಗೂ ಸಿಬ್ಬಂದಿಗೂ ನಡುವೆ ಇದ್ದ ಹಳೆಯ ಒಪ್ಪಂದವನ್ನು ಅಳೆದು ಪ್ರತಿ ರಾತ್ರಿ ಮುದ್ರಿಸಿ ಕೊಡುತ್ತಿತ್ತು. ನಿರ್ವಾಹಕನ ಕಡೆಯಿಂದ ನೋಡಿದರೆ ಅವನ ನಡೆ ತರ್ಕಬದ್ಧ. ನಿಜವಾದ ಕಲೆಕ್ಷನ್ ಒಮ್ಮೆ ಯಂತ್ರದಲ್ಲಿ ಕಾಣಿಸಿಕೊಂಡರೆ ನಾಳೆಯಿಂದ ಮಾಲಕರ ಮನಸ್ಸಿನ ಅಂಕಿ ಏರುತ್ತದೆ, ಆದರೆ ತನ್ನ ಸಂಬಳ ಏರುತ್ತದೆಂದು ಯಾರೂ ಹೇಳಿಲ್ಲ. ತನಿಖೆಗೆ ಚೆಕ್ಕರ್‌ಗಳನ್ನು ಹಾಕಿ, ಸಿಕ್ಕಿಬಿದ್ದವರನ್ನು ಕೆಲಸದಿಂದ ಬಿಡಿಸಿ, ಹೊಸಬರನ್ನು ಸೇರಿಸಿ ಕೆಲವು ಮಾಲಕರು ಇದನ್ನು ಎದುರಿಸುತ್ತಾರೆ. ದಾರಿ, ಜನ, ಸ್ಟೇಜು ಎಲ್ಲ ತಿಳಿದ ನಿರ್ವಾಹಕ ಸಿಗುವುದೇ ಕಷ್ಟವಾಗಿರುವ ಕಾಲದಲ್ಲಿ ಅದು ದುಬಾರಿ ದಾರಿ. ಮೇಲಾಗಿ ಹೊಸಬನೂ ಒಂದೆರಡು ತಿಂಗಳಲ್ಲಿ ಅದೇ ಅಂಕಿಯನ್ನು ಕಲಿಯುತ್ತಾನೆ.

ಕ್ಯೂಆರ್ ಹಾಳೆ

ಇಷ್ಟರಲ್ಲಿ ಬಸ್ಸಿನೊಳಗಿನ ಕಂಬಕ್ಕೆ ಕ್ಯೂಆರ್ ಕೋಡಿನ ಹಾಳೆ ಅಂಟಿತು. ಚಿಲ್ಲರೆಯ ಗೋಳು ತಪ್ಪಬೇಕೆಂಬುದು ಉದ್ದೇಶ, ಅದು ಬಹುಮಟ್ಟಿಗೆ ತಪ್ಪಿತೂ ಹೌದು. 2016ರಲ್ಲಿ ಆರಂಭವಾದ ಯುಪಿಐ ಮೂಲಕ ಪಡೆದ ಹಣಕ್ಕೆ 2020ರ ಜನವರಿಯಿಂದ ವ್ಯಾಪಾರಿ ಶುಲ್ಕವೂ ಇಲ್ಲದ ಕಾರಣ ಮಾಲಕರಿಗೆ ಖರ್ಚಿಲ್ಲ. ಹಣ ನೇರವಾಗಿ ತಮ್ಮ ಖಾತೆಗೇ ಬರುವುದರಿಂದ ಸೋರಿಕೆಯೂ ನಿಲ್ಲುತ್ತದೆಂದು ಅವರು ಎಣಿಸಿದ್ದರು.

ಹೀಗೆ ಅಂಟಿಸಿದ ಕ್ಯೂಆರ್ ಹಣವನ್ನು ತಲುಪಿಸುತ್ತದೆ, ಟಿಕೆಟನ್ನು ಹುಟ್ಟಿಸುವುದಿಲ್ಲ. ಬ್ಯಾಂಕ್ ಖಾತೆಯಲ್ಲಿ ಇಂತಿಷ್ಟು ರೂಪಾಯಿ ಇಂಥ ಹೊತ್ತಿಗೆ ಬಂತೆಂದು ಗೊತ್ತಾಗುತ್ತದೆ. ಅದು ಯಾವ ಟ್ರಿಪ್ಪಿನದು, ಎಷ್ಟು ಜನರದು, ಯಾವ ಸ್ಟೇಜಿನದು ಎಂಬುದು ಗೊತ್ತಾಗುವುದಿಲ್ಲ. ಇತ್ತ ಯಂತ್ರದಲ್ಲಿ ಟಿಕೆಟ್ ಒತ್ತಿದ್ದರೂ ಅದು ನಗದಿನ ಟಿಕೆಟೆಂದೇ ದಾಖಲು. ಹೀಗಾಗಿ ರಾತ್ರಿ ಮಾಲಕರ ಮುಂದೆ ಯಂತ್ರದ ಮೊತ್ತ, ಚೀಲದ ಹಣ, ಬ್ಯಾಂಕಿನ ಜಮೆ ಎಂಬ ಮೂರು ಅಂಕಿಗಳು ನಿಂತವು, ಅವುಗಳಲ್ಲಿ ಯಾವ ಎರಡನ್ನು ಕೂಡಿಸಿದರೂ ಮೂರನೆಯದಕ್ಕೆ ಸರಿಹೋಗುತ್ತಿರಲಿಲ್ಲ.

ಸಿಬ್ಬಂದಿಗೆ ಬಂದ ಕಷ್ಟ ಇನ್ನೂ ಹತ್ತಿರದ್ದು. ದಿನದ ಕಲೆಕ್ಷನ್ 12,000 ರೂಪಾಯಿ, ಅದರಲ್ಲಿ ಡೀಸೆಲಿಗೆ 5,000, ಇಬ್ಬರ ಸಂಬಳ ಬತ್ತೆಗೆ 2,500, ಇತರ ಖರ್ಚಿಗೆ 300 ಎಂದಿಟ್ಟುಕೊಳ್ಳೋಣ. ಚೀಲದಿಂದ ಹೋಗಬೇಕಾದದ್ದು 7,800. ಪ್ರಯಾಣಿಕರು 5,400 ರೂಪಾಯಿಯನ್ನು ಯುಪಿಐ ಮೂಲಕ ಕೊಟ್ಟರೆ ಚೀಲದಲ್ಲಿ ಉಳಿಯುವುದು 6,600. ಅಂದರೆ 1,200 ಕೊರತೆ. ಲಾಭದಲ್ಲಿರುವ ಬಸ್ಸಿನ ನಿರ್ವಾಹಕನ ಕೈಯಲ್ಲಿ ಸಂಜೆ ತನ್ನ ಸಂಬಳಕ್ಕೇ ದುಡ್ಡಿಲ್ಲ. ವ್ಯಾಪಾರಿ ಖಾತೆಗೆ ಬಂದ ಹಣ ಎಷ್ಟೋ ವೇಳೆ ಮರುದಿನ ಜಮೆಯಾಗುವುದರಿಂದ ಮಾಲಕರೂ ಅದೇ ರಾತ್ರಿ ಕೊಡುವಂತಿಲ್ಲ. ಕೆಲವು ದಿನ ನೋಡಿ ನಿರ್ವಾಹಕ ಕ್ಯೂಆರ್ ಹಾಳೆಯ ಮೇಲೆ ತನ್ನ ಚೀಲವನ್ನು ನೇತುಹಾಕತೊಡಗಿದ. ಕೇಳಿದವರಿಗೆ ‘ನೆಟ್‌ವರ್ಕ್ ಇಲ್ಲ ಮಾರಾಯ್ರೆ, ಕ್ಯಾಶ್ ಕೊಡಿ’ ಎಂಬ ಉತ್ತರ. ಮೊಬೈಲ್ ಸಂಕೇತ ಬೇಕಾದಷ್ಟಿದ್ದ ಕಂಕನಾಡಿಯಲ್ಲಿ ಈ ಉತ್ತರ ಕೇಳಿ ಸಿಟ್ಟಾದ ಪ್ರಯಾಣಿಕರ ಪಕ್ಷವೂ ನ್ಯಾಯದ್ದೇ.

ಹಣ ಬಂತೇ ಇಲ್ಲವೇ ಎಂಬ ಖಾತರಿಯ ಪ್ರಶ್ನೆ ಬೇರೆ. ಅಂಗಡಿಯಲ್ಲಿ ಕೂಗಿ ಹೇಳುವ ಪೆಟ್ಟಿಗೆ ಓಡುವ ಬಸ್ಸಿನ ಸದ್ದಿನಲ್ಲಿ ಕೇಳಿಸದು. ಪ್ರಯಾಣಿಕರು ತೋರಿಸಿದ ಪರದೆಯನ್ನೇ ನಂಬಬೇಕು. ಅದು ಇಂದಿನದೋ ನಿನ್ನೆಯದೋ ಎಂದು ನೋಡುವಷ್ಟು ಹೊತ್ತಿಲ್ಲ. ಬಾರದ ಹಣಕ್ಕೆ ಹೊಣೆ ಯಾರೆಂದು ಯಾರೂ ನಿರ್ಧರಿಸಿರಲಿಲ್ಲ, ಆದುದರಿಂದ ರೂಢಿಯಂತೆ ಅದು ನಿರ್ವಾಹಕನ ತಲೆಗೇ ಬಂತು.

ಇದಕ್ಕೆ ತಾಂತ್ರಿಕ ಪರಿಹಾರ ಇಲ್ಲದಿಲ್ಲ. ಆಂಡ್ರಾಯ್ಡ್ ಆಧಾರಿತ ಯಂತ್ರಗಳಲ್ಲಿ ಪ್ರತಿ ಟಿಕೆಟಿಗೂ ಆ ಮೊತ್ತದ್ದೇ ಆದ ಹೊಸ ಕ್ಯೂಆರ್ ಪರದೆಯ ಮೇಲೆ ಬರುತ್ತದೆ, ಹಣ ತಲುಪಿದ ಮೇಲೆಯೇ ಟಿಕೆಟ್ ಮುದ್ರಣವಾಗುತ್ತದೆ. ರಾಜ್ಯದ ಸಾರಿಗೆ ನಿಗಮಗಳು ಈಚಿನ ವರ್ಷಗಳಲ್ಲಿ ಹೋಗಿರುವುದು ಇದೇ ದಾರಿಗೆ. ಆದರೆ ಇಲ್ಲಿ ಹೊತ್ತು ಇನ್ನಷ್ಟು ಬೇಕು: ಸ್ಕ್ಯಾನ್, ಪಿನ್, ಬ್ಯಾಂಕಿನ ಉತ್ತರ, ಮುದ್ರಣ. ಎಂಟು ಸೆಕೆಂಡಿನ ಕೆಲಸ ಇಪ್ಪತ್ತಕ್ಕೆ ಹೋಗುವುದು ಅಪರೂಪವಲ್ಲ. ಜೂನ್ ತಿಂಗಳ ಮಳೆಯಲ್ಲಿ ಕಿಟಕಿಯ ಪರದೆಗಳೆಲ್ಲ ಕೆಳಗಿಳಿದು, ಕೊಡೆಯ ನೀರು ಕಾಲ ಮೇಲೆ ಸುರಿಯುತ್ತ, ಒದ್ದೆ ಬೆರಳಿಗೆ ಮೊಬೈಲ್ ಪರದೆ ಸ್ಪಂದಿಸದೆ ನಿಂತ ಬಸ್ಸಿನಲ್ಲಿ ಇದನ್ನು ಕಲ್ಪಿಸಿಕೊಂಡರೆ ಸಾಕು.

ಯಂತ್ರಕ್ಕೆ ತಾಗಿಸುವ ಪ್ರಯಾಣ ಕಾರ್ಡುಗಳ ಅನುಕೂಲ ಇರುವುದು ಇಲ್ಲಿಯೇ. ಹಾಂಕಾಂಗ್‌ನ ಆಕ್ಟೋಪಸ್ 1997ರಲ್ಲಿ, ಲಂಡನ್ನಿನ ಆಯ್‌ಸ್ಟರ್ 2003ರಲ್ಲಿ ಬಂದದ್ದು ಇದೇ ತತ್ತ್ವದ ಮೇಲೆ: ಮೊತ್ತ ಕಾರ್ಡಿನ ಚಿಪ್ಪಿನಲ್ಲಿದ್ದು, ತಾಗಿಸಿದ ಅರೆ ಸೆಕೆಂಡಿನೊಳಗೆ, ಸರ್ವರನ್ನು ಕೇಳದೆ ಕಡಿತವಾಗುವುದು. ಲಂಡನ್ ಬಸ್ಸುಗಳು 2014ರ ಜುಲೈಯಿಂದ ನಗದನ್ನೇ ನಿಲ್ಲಿಸಿದವು. ಭಾರತದಲ್ಲಿ 2019ರ ಮಾರ್ಚ್‌ನಲ್ಲಿ ಬಿಡುಗಡೆಯಾದ ರಾಷ್ಟ್ರೀಯ ಸಾಮಾನ್ಯ ಸಂಚಾರ ಕಾರ್ಡಿನಲ್ಲೂ ಅಂಥ ಆಫ್‌ಲೈನ್ ಕಿಸೆಯಿದೆ. ಸಾರಿಗೆಗೆಂದೇ ಕೊಡುವ ಪ್ರೀಪೇಯ್ಡ್ ಕಾರ್ಡುಗಳಿಗೆ ಗುರುತಿನ ಪರಿಶೀಲನೆ ಇಲ್ಲದೆ 3,000 ರೂಪಾಯಿವರೆಗೆ ಇಡಲು ರಿಸರ್ವ್ ಬ್ಯಾಂಕ್ 2024ರಲ್ಲಿ ಅವಕಾಶ ಕೊಟ್ಟಿತು. ಮಂಗಳೂರು, ಉಡುಪಿಯ ಖಾಸಗಿ ಬಸ್ಸುಗಳಲ್ಲಿ ಚಲೋ ಕಾರ್ಡ್ ಮತ್ತು ಆ್ಯಪ್ ಜನರಿಗೆ ಪರಿಚಿತವಾಗಿವೆ. ಆದರೆ ಹಾಂಕಾಂಗ್, ಲಂಡನ್ನುಗಳಲ್ಲಿ ಕಾರ್ಡಿನ ಹಿಂದೆ ಒಂದೊಂದು ದೊಡ್ಡ ಪ್ರಾಧಿಕಾರವೋ ಸಾರಿಗೆ ಸಂಸ್ಥೆಗಳ ಒಕ್ಕೂಟವೋ ಇತ್ತು. ಇಲ್ಲಿ ಪ್ರಯಾಣಿಕರು ಬೆಳಗ್ಗೆ ಒಬ್ಬ ಮಾಲಕರ ಬಸ್ಸಿನಲ್ಲಿ ಕಾರ್ಡಿಗೆ ಹಣ ತುಂಬಿಸಿ ಸಂಜೆ ಇನ್ನೊಬ್ಬರ ಬಸ್ಸಿನಲ್ಲಿ ಖರ್ಚು ಮಾಡುತ್ತಾರೆ. ಆ ಹಣ ಯಾರ ಬಳಿ ಇರಬೇಕು, ಯಾವ ದಿನ ಯಾರಿಗೆ ಸೇರಬೇಕೆಂಬುದನ್ನು ಎಲ್ಲ ಮಾಲಕರೂ ಒಪ್ಪಿದ ನಡುವಿನ ವ್ಯವಸ್ಥೆಯೊಂದು ನೋಡಿಕೊಳ್ಳಬೇಕಾಗುತ್ತದೆ. ಸಣ್ಣ ಮಾಲಕರು ಒಬ್ಬರೇ ಕುಳಿತು ಬಗೆಹರಿಸುವ ವಿಷಯವಲ್ಲ ಅದು. ಆದುದರಿಂದ ಈ ಪ್ರಕರಣದಲ್ಲಿ ಅದನ್ನು ಅಷ್ಟಕ್ಕೇ ಬಿಡಬೇಕಾಯಿತು.

ಬದಲಿಸಿದ ಕ್ರಮ

ಮಾಲಕರು ಮೊದಲು ಮುಟ್ಟಿದ್ದು ಸಂಬಳವನ್ನು. ಮನಸ್ಸಿನ ಅಂಕಿಯನ್ನು ಕೈಬಿಟ್ಟು ಚಾಲಕನಿಗೂ ನಿರ್ವಾಹಕನಿಗೂ ದಿನಕ್ಕೆ ಇಂತಿಷ್ಟೆಂದು ನಿಶ್ಚಿತ ಸಂಬಳ ಗೊತ್ತು ಮಾಡಲಾಯಿತು. ಅದು ಹಿಂದಿನ ಸಂಬಳಕ್ಕಿಂತ ಹೆಚ್ಚು, ಹಿಂದಿನ ಸಂಬಳ ಮತ್ತು ಅಘೋಷಿತ ಆದಾಯ ಎರಡೂ ಸೇರಿದ್ದಕ್ಕಿಂತ ತುಸು ಕಡಿಮೆ. ಆ ಅಂತರವನ್ನು ತುಂಬುವುದಕ್ಕೆ ನಿರ್ವಾಹಕನಿಗೆ ಟಿಕೆಟಿನ ಮೇಲೆ ಪ್ರೋತ್ಸಾಹಧನ. ಇಲ್ಲೊಂದು ಸೂಕ್ಷ್ಮವಿದೆ. ಮೊತ್ತದ ಮೇಲೆ ಶೇಕಡಾವಾರು ಕೊಟ್ಟಿದ್ದರೆ ಕೊಣಾಜೆಯವರೆಗಿನ ದೊಡ್ಡ ಟಿಕೆಟುಗಳಷ್ಟೇ ಯಂತ್ರಕ್ಕೆ ಬರುತ್ತಿದ್ದವು. ಜ್ಯೋತಿಯಲ್ಲಿ ಇಳಿಯುವವರ ಕನಿಷ್ಠ ದರ ಹಿಂದಿನಂತೆಯೇ ಚೀಲಕ್ಕೆ ಹೋಗುತ್ತಿತ್ತು. ಆದುದರಿಂದ ಪ್ರೋತ್ಸಾಹಧನವನ್ನು ರೂಪಾಯಿಗೆ ಕಟ್ಟದೆ ತಲೆಗೆ ಕಟ್ಟಲಾಯಿತು: ಟಿಕೆಟ್ ಸಣ್ಣದಿರಲಿ ದೊಡ್ಡದಿರಲಿ, ಪ್ರಯಾಣಿಕನೊಬ್ಬನಿಗೆ ಒಂದೇ ಮೊತ್ತ. ಒಂದು ದೊಡ್ಡ ಟಿಕೆಟನ್ನು ಎರಡು ಸಣ್ಣ ಟಿಕೆಟಾಗಿ ಒಡೆದು ಎರಡು ತಲೆ ತೋರಿಸುವ ಸಾಧ್ಯತೆ ಇದರಲ್ಲಿದೆ. ಹಾಗೆ ಒಡೆದ ಟಿಕೆಟುಗಳಲ್ಲಿ ಮೊದಲನೆಯದು ಮುಗಿಯುವ ಸ್ಟೇಜಿನಲ್ಲೇ ಎರಡನೆಯದು ಶುರುವಾಗಿರುತ್ತದೆ, ಎರಡರ ಸಮಯವೂ ಒಂದೇ ಆಗಿರುತ್ತದೆ. ದಾಖಲೆ ಓದುವವರಿಗೆ ಅದು ಕೂಡಲೇ ಕಣ್ಣಿಗೆ ಬೀಳುತ್ತದೆಂದು ನಿರ್ವಾಹಕನಿಗೂ ಮುಂಚೆಯೇ ಹೇಳಲಾಯಿತು.

ಚಾಲಕನಿಗೆ ಪ್ರೋತ್ಸಾಹಧನದಲ್ಲಿ ಪಾಲು ಬೇಡವೆಂದದ್ದು ಉದ್ದೇಶಪೂರ್ವಕ. ತಲೆಯ ಲೆಕ್ಕದಲ್ಲಿ ಅವನಿಗೂ ಪಾಲು ಸಿಕ್ಕಿದರೆ ಹಿಂದಿನ ಬಸ್ಸಿನವರಿಗಿಂತ ಮೊದಲು ನಿಲ್ದಾಣ ಮುಟ್ಟುವ ಓಟ ಇನ್ನಷ್ಟು ಬಿರುಸಾಗುತ್ತಿತ್ತು. ಚಾಲಕ ಇದನ್ನು ಅನ್ಯಾಯವೆಂದ. ಕೊನೆಗೆ ಅವನ ನಿಶ್ಚಿತ ಸಂಬಳವನ್ನು ಏರಿಸಿ ಒಪ್ಪಿಸಬೇಕಾಯಿತು.

ಎರಡನೆಯ ಬದಲಾವಣೆ ಹಣದ ಹರಿವಿನದು. ಡೀಸೆಲ್ ಖರ್ಚನ್ನು ಚೀಲದಿಂದ ಬೇರ್ಪಡಿಸಿ ಮಾಲಕರು ಬಂಕಿಗೆ ನೇರವಾಗಿ ಕೊಡತೊಡಗಿದರು. ಮೇಲಿನ ಉದಾಹರಣೆಯಲ್ಲಿ ಅದೊಂದರಿಂದಲೇ ಚೀಲದ ಹೊರೆ 7,800ರಿಂದ 2,800ಕ್ಕೆ ಇಳಿಯುತ್ತದೆ. ಆಗ ಯುಪಿಐ ಪಾಲು ಸಾಕಷ್ಟು ಏರಿದರೂ ಸಂಜೆಯ ಸಂಬಳಕ್ಕೆ ಸಾಮಾನ್ಯವಾಗಿ ನಗದು ಇರುತ್ತದೆ. ಕ್ಯೂಆರ್ ಹಾಳೆಯ ಮೇಲಿನ ಚೀಲ ತಾನಾಗಿಯೇ ಕೆಳಗಿಳಿಯಿತು. ನಗದು ಮತ್ತು ಯುಪಿಐ ಟಿಕೆಟುಗಳಿಗೆ ಯಂತ್ರದಲ್ಲಿ ಬೇರೆ ಬೇರೆ ಗುಂಡಿ ಬಂದವು. ಲೆಕ್ಕವನ್ನು ದಿನಕ್ಕೊಮ್ಮೆಯಲ್ಲದೆ ಪ್ರತಿ ಟ್ರಿಪ್ಪಿನ ಕೊನೆಗೆ ಮುಚ್ಚುವ ಕ್ರಮ ಬಂದ ಕಾರಣ, ಯುಪಿಐ ಟಿಕೆಟುಗಳ ಮೊತ್ತ ಆ ಅವಧಿಯಲ್ಲಿ ಬಂದ ಯುಪಿಐ ಪಾವತಿಗಳಿಗಿಂತ ಕಡಿಮೆಯೋ ಹೆಚ್ಚೋ ಎಂಬುದು ಕೊಣಾಜೆಯಲ್ಲಿ ಬಸ್ಸು ತಿರುಗಿಸುವ ಹೊತ್ತಿಗೇ ಗೊತ್ತಾಗುತ್ತದೆ. ಬಾರದೆ ಹೋದ ಯುಪಿಐ ಹಣದ ಹೊಣೆ ಒಂದು ಮಿತಿಯವರೆಗೆ ಮಾಲಕರದೇ ಎಂಬುದನ್ನೂ ಬರೆದಿಡಲಾಯಿತು.

ಉಳಿದವು ಸಣ್ಣವು. ವಿದ್ಯಾರ್ಥಿ ದರಕ್ಕೆ ಗುಂಡಿ ಬಂತು. ಸ್ಟೇಟ್ ಬ್ಯಾಂಕಿನಲ್ಲಿ ಹೊರಡುವ ಮುನ್ನ ಬಸ್ಸು ನಿಂತಿರುವ ನಿಮಿಷಗಳಲ್ಲೇ ಕುಳಿತವರಿಗೆಲ್ಲ ಟಿಕೆಟ್ ಕೊಟ್ಟು ಮುಗಿಸುವುದೆಂದಾಯಿತು. ಹಿಂದೆ ಆ ನಿಮಿಷಗಳಲ್ಲಿ ನಿರ್ವಾಹಕ ಕೆಳಗೆ ನಿಂತು ಜನರನ್ನು ಕರೆಯುತ್ತಿದ್ದ. ಸಮಯದ ಸಮಸ್ಯೆಗೆ ಇದಕ್ಕಿಂತ ಅಗ್ಗದ ಪರಿಹಾರವಿಲ್ಲ, ಆದರೂ ಎಷ್ಟೋ ಬಸ್ಸುಗಳಲ್ಲಿ ಇದನ್ನು ಯಾರೂ ಮಾಡುವುದಿಲ್ಲ.

ಬಗೆಹರಿಯದೆ ಉಳಿದವು

ಹೊಸ ಕ್ರಮದಲ್ಲಿ ದಿನದ ಮೊತ್ತ ಏರಿಳಿಯತೊಡಗಿತು. ಮಾಲಕರು ಇದನ್ನು ಕಂಡು ಮೊದಲು ಗಾಬರಿಯಾದದ್ದು ವಿಚಿತ್ರವಾದರೂ ನಿಜ. ರಜೆಯ ದಿನದ ಅಂಕಿ ಹಿಂದೆಂದೂ ಕಾಣದಷ್ಟು ಕೆಳಗಿತ್ತು. ವಾರದ ಮೊತ್ತ ನೋಡಿದ ಮೇಲೆ ಅವರು ಸಮಾಧಾನಗೊಂಡರು. ಸಂಜೆಯ ಟ್ರಿಪ್ಪುಗಳು ದಾಖಲೆಯಲ್ಲೂ ತುಂಬಿ ಕಾಣಿಸಿದವು. ಆದರೆ ಜ್ಯೋತಿ ಕಂಕನಾಡಿ ನಡುವೆ ಹತ್ತಿ ಅಲ್ಲೇ ಇಳಿಯುವವರ ಟಿಕೆಟ್ ಇನ್ನೂ ಪೂರ್ತಿಯಾಗಿ ಬರುತ್ತಿಲ್ಲ. ಇಬ್ಬರು ನಿರ್ವಾಹಕರಿಲ್ಲದೆ ಅದು ಬರುವುದೂ ಇಲ್ಲ. ಎರಡನೆಯವರ ಸಂಬಳಕ್ಕೆ ಆ ಟಿಕೆಟುಗಳ ಮೊತ್ತ ಸಾಲದು. ಅಷ್ಟು ಸೋರಿಕೆಯನ್ನು ಖರ್ಚೆಂದೇ ಒಪ್ಪಿಕೊಳ್ಳುವುದು ಬುದ್ಧಿವಂತಿಕೆಯೆಂದು ನಾನು ತಿಳಿಯುತ್ತೇನೆ. ಮಾಲಕರಿಗೆ ಇದು ಒಪ್ಪಿಗೆಯಾಗಿಲ್ಲ.

ಸರ್ಕಾರಿ ಬಸ್ಸಿನೊಡನೆ ಹೋಲಿಸಿದರೆ ವಿಷಯ ಇನ್ನಷ್ಟು ಸ್ಪಷ್ಟವಾಗುತ್ತದೆ. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಡಿ ಕೆಎಸ್‌ಆರ್‌ಟಿಸಿಯ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರಿಗೆ ಶೂನ್ಯ ಟಿಕೆಟ್ ಕೊಡಲಾಗುತ್ತದೆ. ಹಣ ಕೈ ಬದಲಾಗದಿದ್ದರೂ ಅಲ್ಲಿ ನಿರ್ವಾಹಕರು ಗುಂಡಿ ಒತ್ತಲೇಬೇಕು, ಏಕೆಂದರೆ ಸರ್ಕಾರ ನಿಗಮಕ್ಕೆ ತುಂಬಿಕೊಡುವ ಹಣಕ್ಕೆ ಆ ಟಿಕೆಟೇ ಆಧಾರ. ಅಲ್ಲಿ ಮೇಲಿನವರು ಕಣ್ಣಿಡಬೇಕಾದದ್ದು ಕೊಡದ ಟಿಕೆಟಿನ ಮೇಲಲ್ಲ, ಪ್ರಯಾಣಿಕರಿಲ್ಲದೆ ಹುಟ್ಟಿದ ಟಿಕೆಟಿನ ಮೇಲೆ. ಖಾಸಗಿ ಬಸ್ಸುಗಳು ಶಕ್ತಿ ಯೋಜನೆಯ ಹೊರಗಿವೆ. ಅವುಗಳನ್ನೂ ಸೇರಿಸಬೇಕೆಂಬ ಬೇಡಿಕೆಗೆ ಮಾಲಕರು ದನಿಗೂಡಿಸುವಾಗ, ತಮ್ಮ ಟಿಕೆಟ್ ದಾಖಲೆ ಯಾವ ಲೆಕ್ಕಪರಿಶೋಧನೆಗೂ ನಿಲ್ಲುವಂತಿದೆಯೇ ಎಂಬ ಪ್ರಶ್ನೆಗೆ ಮೊದಲು ಉತ್ತರ ಸಿದ್ಧವಿರಬೇಕಾಗುತ್ತದೆ.

ಇದೇ ದಾರಿಯಲ್ಲಿ ನಮ್ಮ ಬಸ್ಸಿನ ಹಿಂದೆ ಮುಂದೆ ಓಡುವ ಬಸ್ಸುಗಳ ಸಿಬ್ಬಂದಿ ಇಂದಿಗೂ ಕಲೆಕ್ಷನ್ ಮೇಲೆಯೇ ದುಡಿಯುವವರು. ನಿಶ್ಚಿತ ಸಂಬಳದ ಚಾಲಕ ಸಮಯಕ್ಕೆ ಸರಿಯಾಗಿ ಕಂಕನಾಡಿ ಬಿಟ್ಟರೆ, ಹಿಂದಿನವರು ಅಲ್ಲಿ ಒಂದು ನಿಮಿಷ ಹೆಚ್ಚು ನಿಂತು ಇವರಿಗೆ ಸಿಗಬೇಕಾಗಿದ್ದ ಮುಂದಿನ ಗುಂಪನ್ನೂ ತುಂಬಿಕೊಳ್ಳುತ್ತಾರೆ. ನಿರ್ವಾಹಕನಿಗೆ ತಲೆಯ ಲೆಕ್ಕದ ಆಸೆಯಿರುವುದರಿಂದ ಅವನೇ ಚಾಲಕನಿಗೆ ‘ಒಂಚೂರು ನಿಲ್ಲಿ ಅಣ್ಣಾ’ ಎನ್ನತೊಡಗಿದ್ದಾನೆ. ಇದನ್ನು ತಡೆಯುವ ಅಧಿಕಾರ ಒಬ್ಬ ಮಾಲಕರ ಕೈಯಲ್ಲಿಲ್ಲ. ದಾರಿಯ ಎಲ್ಲ ಬಸ್ಸುಗಳ ಕಲೆಕ್ಷನನ್ನು ಒಟ್ಟುಗೂಡಿಸಿ ಓಡಿದ ಟ್ರಿಪ್ಪುಗಳ ಲೆಕ್ಕದಲ್ಲಿ ಹಂಚಿಕೊಂಡರೆ ಮಾತ್ರ ಈ ಪೈಪೋಟಿಗೆ ಅರ್ಥವಿಲ್ಲದಂತಾಗುತ್ತದೆ, ಆದರೆ ಹಾಗೆ ಹಂಚಿಕೊಳ್ಳಲು ಪರಸ್ಪರರ ಯಂತ್ರದ ಅಂಕಿಯನ್ನು ನಂಬಬೇಕು. ತಮ್ಮದೇ ಬಸ್ಸಿನ ಅಂಕಿಯನ್ನು ನಂಬುವುದಕ್ಕೆ ಇಷ್ಟೆಲ್ಲ ಮಾಡಬೇಕಾಗಿ ಬಂದ ಮಾಲಕರು, ಇದೇ ದಾರಿಯ ಇತರ ಮಾಲಕರೊಡನೆ ಆ ಮಾತನ್ನು ಇನ್ನೂ ಎತ್ತಿಲ್ಲ. ಸದ್ಯಕ್ಕೆ ಅವರ ಎರಡನೆಯ ಬಸ್ಸಿನಲ್ಲೂ ಇದೇ ಸಂಬಳ ಕ್ರಮವನ್ನು ತರುವುದೆಂದು ತೀರ್ಮಾನವಾಗಿದೆ. ಅಲ್ಲಿಯ ನಿರ್ವಾಹಕ ತಲೆಗೆ ಕೊಡುವ ಮೊತ್ತ ಸಾಲದೆಂದು ಹೇಳಿದ್ದು, ಆ ಮಾತುಕತೆ ನಡೆಯುತ್ತಿದೆ.